ಚಿಕ್ಕಪ್ಪನ ಮೂರು ಸೆಕೆಂಡುಗಳು

ಮೊನ್ನೆ ಕನ್ನಡಕದ ಕಾಲಿನ ಸ್ಕ್ರೂ ಸಡಿಲವಾಯಿತು. ಪುಟ್ಟ ಸ್ಕ್ರೂಡ್ರೈವರ್ ಒಂದು ಇತ್ತಲ್ಲ ಎಂದು ಮೇಜಿನ ಡ್ರಾಯರು ಎಳೆದೆ. ಸ್ಕ್ರೂಡ್ರೈವರ್ ಸಿಗಲಿಲ್ಲ, ಹನ್ನೊಂದು ಸಿಮ್ ಪಿನ್ನುಗಳು ಸಿಕ್ಕವು. ಹೊಸ ಫೋನಿನ ಡಬ್ಬಿಯೊಳಗೆ ಇರುತ್ತದಲ್ಲ, ಫೋನಿನ ಪಕ್ಕೆಗೆ ಚುಚ್ಚಿ ಸಿಮ್ಮನ್ನು ಹೊರಗೆ ತೆಗೆಯುವ ತಂತಿಯಂಥದ್ದು, ಅದೇ. ನಿಮ್ಮ ಮನೆಯಲ್ಲಿ ಅಂಥದ್ದು ಒಂದೋ ಎರಡೋ ಇದ್ದು, ಬೇಕಾದಾಗ ಕಾಣದೆ, ಸೇಫ್ಟಿ ಪಿನ್ನಿನಲ್ಲೇ ಕೆಲಸ ಮುಗಿಸುತ್ತಿದ್ದರೆ ನೀವು ಸುಖವಾಗಿದ್ದೀರಿ ಎಂದು ಅರ್ಥ. ಹನ್ನೊಂದು ಇದ್ದರೆ ನೀವು ನನ್ನ ಪೈಕಿ.

ನಾನು ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಊರಿಗೆ ಬಂದ ಯಾವ ಹೊಸ ಫೋನನ್ನೂ ಒಮ್ಮೆ ಕೈಯಲ್ಲಿ ಹಿಡಿದು ತೂಗಿ ನೋಡದೆ ಬಿಟ್ಟವನಲ್ಲ. ಕೆಲವರಿಗೆ ಹೊಸ ಪುಸ್ತಕದ ವಾಸನೆ ಇಷ್ಟವಂತೆ. ನನಗೆ ಹೊಸ ಫೋನಿನ ಗಾಜಿನ ಮೇಲಿನ ತೆಳು ಪ್ಲಾಸ್ಟಿಕ್ಕನ್ನು ಮೂಲೆಯಿಂದ ಹಿಡಿದು ನಿಧಾನವಾಗಿ ಎಬ್ಬಿಸುವುದು ಇಷ್ಟ. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಕೋಪವೇ ಬರುತ್ತದೆ. ನನ್ನ ಹೆಂಡತಿ ಸುಮಾ ಪಿನ್ನುಗಳನ್ನು ಎಣಿಸಿ, ಈ ಮನೆಗೆ ಹನ್ನೊಂದು ಬಂದು ಹತ್ತು ಹೋದವು, ಬದಲಾಗದೆ ಉಳಿದ ಹಳೇ ಮಾಡೆಲ್ಲು ನಾನೊಬ್ಬಳೇ ಎಂದು ನಕ್ಕಳು. ನಾನೂ ನಗಬೇಕಿತ್ತು. ಆದರೆ ಆ ಪಿನ್ನುಗಳಲ್ಲಿ ಒಂದರ ತುದಿ ಬಾಗಿತ್ತು. ಅದು ಜಡೆಯ ಚಿಕ್ಕಪ್ಪನ ಫೋನಿನದು. ಅದನ್ನು ನೋಡಿದ ಮೇಲೆ ಕನ್ನಡಕದ ವಿಷಯ ಮರೆತೇಹೋಯಿತು.

ಮುಂದೆ ಹೋಗುವ ಮೊದಲು ನನ್ನ ಇನ್ನೊಂದು ಚಟವನ್ನೂ ಹೇಳಿಬಿಡುತ್ತೇನೆ. ನಾನು ಎಲ್ಲವನ್ನೂ ಎರಡು ಪಟ್ಟು ವೇಗದಲ್ಲಿ ಕೇಳುತ್ತೇನೆ. ಯಾರ ವಾಯ್ಸ್ ಮೆಸೇಜ್ ಬಂದರೂ ಮೊದಲು ಬೆರಳು ಹೋಗುವುದು ಆ ಎರಡರ ಗುರುತಿನ ಮೇಲೆ. ನಮ್ಮ ಹೆಡ್ಮಾಸ್ತರು ಬಹಳ ನಿಧಾನದ ಮನುಷ್ಯ. 'ನೋಡೀ' ಎಂದರೆ ಮುಂದಿನ ಮಾತಿಗೆ ಒಂದು ಲೋಟ ನೀರು ಕುಡಿದು ಬರಬಹುದು. ಅವರ ಮೆಸೇಜುಗಳನ್ನು ವೇಗ ಮಾಡಿ ಕೇಳಿ ಕೇಳಿ ಹೇಗಾಗಿದೆ ಎಂದರೆ, ಎದುರಿಗೆ ಸಿಕ್ಕಾಗ ಅವರಿಗೇನೋ ಮೈ ಸರಿಯಿಲ್ಲವೇನೋ ಎಂದು ಅನುಮಾನ ಬರುತ್ತದೆ. ಹಾಗೆ ಉಳಿಸಿದ ಸಮಯವನ್ನೆಲ್ಲ ಏನು ಮಾಡಿದೆ ಎಂದು ಸುಮಾ ಒಮ್ಮೆ ಕೇಳಿದ್ದಳು. ಬಹುಶಃ ಹೊಸ ಫೋನುಗಳ ವಿಡಿಯೋ ನೋಡಿದೆ.

ಇಂಥವನು ಒಬ್ಬ ನೆಂಟರಲ್ಲಿ ಇದ್ದರೆ ಅವನಿಗೆ ಸಿಗುವ ಮರ್ಯಾದೆಯೇ ಬೇರೆ. ನಾನು ಯಾರ ಮನೆಗೆ ಹೋದರೂ ಕಾಲು ತೊಳೆದು ಕೂರುವಷ್ಟರಲ್ಲಿ ಮನೆಯವರ ಫೋನುಗಳು ನನ್ನ ಮುಂದೆ ಬಂದು ಸಾಲಾಗಿ ಮಲಗುತ್ತವೆ. ಒಂದಕ್ಕೆ ಚಾರ್ಜ್ ನಿಲ್ಲುವುದಿಲ್ಲ, ಒಂದರಲ್ಲಿ ಅಕ್ಷರ ಸಣ್ಣದಾಗಿದೆ, ಇನ್ನೊಂದು ಇದ್ದಕ್ಕಿದ್ದಂತೆ ಹಿಂದಿಯಲ್ಲಿ ಮಾತಾಡುತ್ತಿದೆ. ಜಡೆಯ ಚಿಕ್ಕಮ್ಮ ಇದನ್ನೊಂದು ಪದ್ಧತಿಯನ್ನಾಗಿಯೇ ಮಾಡಿದ್ದಳು. ಸ್ಟೀಲಿನ ತಟ್ಟೆಯಲ್ಲಿ ಕಾಫಿ ಲೋಟ, ಲೋಟದ ಪಕ್ಕ ಅವಳ ಫೋನು. ಕಾಫಿ ಕುಡಿದು ತಟ್ಟೆ ವಾಪಸ್ಸು ಹೋಗುವಾಗ ಫೋನು ರಿಪೇರಿಯಾಗಿ ಅದೇ ತಟ್ಟೆಯಲ್ಲಿ ಹೋಗಬೇಕು. ಸೊರಬಕ್ಕೆ ಹೋಗಿ ಅಲ್ಲಿಂದ ಜಡೆಯ ಬಸ್ಸು ಹತ್ತಿದಾಗಲೇ ಆ ತಟ್ಟೆಯ ನೆನಪಾಗಿ ನನಗೆ ಒಳಗೊಳಗೇ ಹೆಮ್ಮೆ.

ಚಿಕ್ಕಮ್ಮ ನನ್ನ ತಾಯಿಯ ತಂಗಿ. ಅವಳ ಗಂಡ, ನಮ್ಮ ಚಿಕ್ಕಪ್ಪ, ಜಡೆಯಲ್ಲಿ ಗಿರಣಿ ಇಟ್ಟುಕೊಂಡಿದ್ದ. ಮುಂದೆ ಗಿರಣಿ, ಅದಕ್ಕೆ ಅಂಟಿಕೊಂಡಂತೆ ಮನೆ. ದಿನವಿಡೀ ಇಂಜಿನ್ನಿನ ಸದ್ದಿನ ನಡುವೆ ಮಾತಾಡಿ ಅಭ್ಯಾಸವಾಗಿ, ಇಂಜಿನ್ ನಿಂತ ಮೇಲೂ ಅವನು ಕೂಗಿಯೇ ಮಾತಾಡುತ್ತಿದ್ದ. ಗುಟ್ಟು ಹೇಳುವುದಿದ್ದರೂ ಮೂರನೇ ಮನೆಗೆ ಕೇಳಬೇಕು.

ನನಗೆ ಹತ್ತು ವರ್ಷವಿದ್ದಾಗ ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನು ಅಲ್ಲಿಗೆ ಬಿಡಲು ಬಂದಿದ್ದರು. ಅಪ್ಪನ ಕೈಯಲ್ಲಿ ಹೊಸ ಡಿಜಿಟಲ್ ವಾಚು. ಅದರ ಬೆನ್ನ ಮೇಲೆ ಇಂಗ್ಲಿಷಿನಲ್ಲಿ ನೀರಿಗೆ ಜಗ್ಗುವುದಿಲ್ಲ ಎಂದು ಕೊರೆದಿತ್ತು. ಕೊರೆದದ್ದು ನಿಜವೋ ಸುಳ್ಳೋ ನೋಡಬೇಡವೇ? ಅಪ್ಪ ಸ್ನಾನಕ್ಕೆ ಹೋದಾಗ ಕಿಟಕಿಯ ಮೇಲಿದ್ದ ವಾಚನ್ನು ಒಯ್ದು, ಇಂಜಿನ್ ತಣ್ಣಗಿಡುವ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ನೂರು ಎಣಿಸಿ ತೆಗೆದೆ. ಅಂಕಿಗಳೆಲ್ಲ ಕರಗಿ ಗಾಜಿನೊಳಗೆ ಮಂಜು ಕವಿದಿತ್ತು. ನಾನು ಅಳುತ್ತಾ ಗಿರಣಿಯ ಮೂಲೆಯಲ್ಲಿ ನಿಂತಿದ್ದೆ. ಚಿಕ್ಕಪ್ಪ ಬಂದು ನೋಡಿದ, ನನ್ನ ಕೈಯಿಂದ ವಾಚನ್ನು ತೆಗೆದುಕೊಂಡು ತೌಡಿನ ಚೀಲದೊಳಗೆ ಹೂತಿಟ್ಟ. ಜೀವಮಾನದಲ್ಲಿ ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಸುಮ್ನಿರು ಮಾರಾಯ. ನನ್ನ ಕೈಯಿಂದ ಜಾರಿ ಬಿತ್ತು ಅಂತ ನಾನೇ ಹೇಳ್ತೀನಿ."

ಹಾಗೆಯೇ ಹೇಳಿದ. ಮೂರು ದಿನದ ಮೇಲೆ ತೌಡಿನಿಂದ ಎದ್ದ ವಾಚು ಮತ್ತೆ ಓಡಿತು, ಒಳಗಿನ ದೀಪ ಮಾತ್ರ ಹತ್ತಲಿಲ್ಲ. ಷಡ್ಡಕ ಒಳ್ಳೆಯವನೇ, ಆದರೆ ಕೈ ಹಿಡಿತ ಇಲ್ಲ ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು. ನಾನು ಅದನ್ನು ತಿದ್ದಲಿಲ್ಲ.

ಅಂಥ ಗಂಟಲಿನ ಚಿಕ್ಕಪ್ಪನಿಗೆ ಕೆಲವು ವರ್ಷಗಳ ಹಿಂದೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಅದರ ಜೊತೆ ಮಾತೂ ಹೋಯಿತು. ಮಗಳು ಗೀತಾ ಮತ್ತು ಅಳಿಯ ಗಿರಣಿ ನೋಡಿಕೊಂಡರು. ಚಿಕ್ಕಪ್ಪ ಮುಂದಿನ ಕೋಣೆಯಲ್ಲಿ ಮರದ ಕುರ್ಚಿಯ ಮೇಲೆ, ಚಿಕ್ಕಮ್ಮ ಹಿಂದೆ ಅಡುಗೆಮನೆಯಲ್ಲಿ. ನೀರು ಬೇಕಾದರೂ ಕರೆಯಲು ಆಗದು. ಇಂಥ ಸಂದರ್ಭಕ್ಕೇ ತಾನೇ ನನ್ನಂಥವನು ಇರುವುದು? ಗುಂಡಿ ಒತ್ತಿದರೆ ಅಡುಗೆಮನೆಯಲ್ಲಿ ಹಾಡುವ ಬೆಲ್ಲೊಂದನ್ನು ತರಿಸಿ ಕೂರಿಸಿದೆ. ಹನ್ನೆರಡು ರಾಗಗಳಿದ್ದವು. ಚಿಕ್ಕಮ್ಮ ಮೊದಲ ರಾಗಕ್ಕೇ ಬೆಚ್ಚಿ ಸಾರಿನ ಪಾತ್ರೆ ಬೀಳಿಸಿದಳು. ಗಂಡ ಕರೆಯುವುದಕ್ಕೆ ಇದೇನು ಆಸ್ಪತ್ರೆಯಾ ಎಂದು ಅದನ್ನು ತೆಗೆಸಿಬಿಟ್ಟಳು.

ಆಮೇಲೆ ನನಗೆ ಹೊಳೆದದ್ದು ಎಲ್ಲರ ಫೋನಿನಲ್ಲೂ ಇರುವ ಆ ಹಸಿರು ಆ್ಯಪು. ಚಿಕ್ಕಪ್ಪನಿಗೆ ಒಂದು ಫೋನು ಕೊಡಿಸಿ, ಮುಖಪುಟದಲ್ಲಿ ಚಿಕ್ಕಮ್ಮನ ಫೋಟೋ ಒಂದನ್ನೇ ದೊಡ್ಡದಾಗಿ ಇಟ್ಟೆ. ಮುಟ್ಟಿದರೆ ಅವಳ ಪುಟ ತೆರೆಯುತ್ತದೆ, ಮೂಲೆಯ ಮೈಕನ್ನು ಎಡಗೈ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಬಿಟ್ಟರೆ ಸಾಕು, ಅಡುಗೆಮನೆಯಲ್ಲಿ ಟಿಣ್ ಎನ್ನುತ್ತದೆ. ಸಿಮ್ ಹಾಕುವ ಕೆಲಸವನ್ನು ಅವನೇ ಮಾಡಲಿ ಎಂದು ಪಿನ್ನನ್ನು ಅವನ ಎಡಗೈಗೆ ಕೊಟ್ಟೆ. ಬಲ ಹೆಚ್ಚಾಗಿ ತುದಿ ಬಾಗಿತು. ಇಬ್ಬರೂ ನಕ್ಕೆವು, ಅವನ ನಗುವಿಗೆ ಮಾತ್ರ ಸದ್ದು ಇರಲಿಲ್ಲ. ಮೊದಲ ಮೆಸೇಜನ್ನು ಪರೀಕ್ಷೆಗೆಂದು ನನ್ನ ಫೋನಿಗೇ ಕಳಿಸಿದ. ಮೂರು ಸೆಕೆಂಡು. ನಾನು ಭೇಷ್ ಎಂದು ಹೆಬ್ಬೆರಳಿನ ಚಿತ್ರ ಕಳಿಸಿದೆ.

ಅಲ್ಲಿಂದ ಎರಡು ವರ್ಷ ಚಿಕ್ಕಪ್ಪ ಹಾಗೆಯೇ ಹೆಂಡತಿಯನ್ನು ಕರೆದ. ಮೆಸೇಜಿನಲ್ಲಿ ಮಾತು ಎಲ್ಲಿಂದ ಬರಬೇಕು? ಹೆಚ್ಚೆಂದರೆ ಒಂದು ಉಸಿರು, ಒಂದು ಕೆಮ್ಮು, ಕುರ್ಚಿಯ ಕೈಗೆ ಉಂಗುರ ತಾಗಿದ ಸದ್ದು. ಆದರೆ ಚಿಕ್ಕಮ್ಮ ಒಲೆಯ ಮುಂದೆಯೇ ಫೋನನ್ನು ಕಿವಿಗೆ ಹಿಡಿದು, ಇದು ಕಾಫಿಗೆ, ಇದು ಪೇಪರ್ ಕೆಳಗೆ ಬಿದ್ದಿದ್ದಕ್ಕೆ ಎಂದು ಹೇಳುತ್ತಿದ್ದಳಂತೆ. ಕೆಲವೊಂದು ಏನಕ್ಕೂ ಅಲ್ಲ, ಎಲ್ಲಿದ್ದೀ ಎಂದು ಕೇಳುವುದಕ್ಕೆ ಅಷ್ಟೆ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನಾನು ಯಂತ್ರ ಕೊಟ್ಟು ಮುಂದಿನ ಯಂತ್ರಕ್ಕೆ ಹೋಗಿದ್ದೆ.

ಚಿಕ್ಕಪ್ಪ ತೀರಿಕೊಂಡ. ವೈಕುಂಠ ಸಮಾರಾಧನೆ ಕಳೆದ ಮೇಲೆ ಅವನ ಫೋನನ್ನು ನಾನೇ ಎಲ್ಲ ಅಳಿಸಿ, ಎಕ್ಸ್‌ಚೇಂಜಿಗೆ ಹಾಕಿ, ಚಿಕ್ಕಮ್ಮನಿಗೆ ಹೊಸದು ತಂದುಕೊಟ್ಟೆ. ಅವಳ ಹಳೆಯ ಫೋನಿನಲ್ಲಿದ್ದದ್ದನ್ನು ಒಂದು ಫೋಟೋ ಬಿಡದಂತೆ ಹೊಸದಕ್ಕೆ ಸಾಗಿಸಿದೆ. ಕನ್ನಡ ಹಾಕಿಕೊಟ್ಟೆ, ಪ್ರತಿದಿನ ಬೆಳಗಿನ ಜಾವ ತಾನೇ ಬ್ಯಾಕಪ್ ಆಗುವಂತೆ ಮಾಡಿದೆ. ಅಷ್ಟು ಶ್ರದ್ಧೆ ನನಗಿತ್ತು.

ಒಂದು ವರ್ಷದ ಮೇಲೆ ಒಂದು ಭಾನುವಾರ ಜಡೆಗೆ ಹೋದೆ. ತಟ್ಟೆಯಲ್ಲಿ ಕಾಫಿ, ಪಕ್ಕದಲ್ಲಿ ಫೋನು. ಜಾಗ ತುಂಬಿದೆ ಅಂತ ದಿನಾ ಬೈತಾ ಇದೆ, ನೋಡು ಎಂದು ಹೇಳಿ ಚಿಕ್ಕಮ್ಮ ದೋಸೆ ಹುಯ್ಯಲು ಒಳಗೆ ಹೋದಳು. ನಾನು ಹುರುಪಿನಿಂದ ಕೂತೆ. ಶುಭೋದಯದ ಗುಲಾಬಿಗಳು, ಹಬ್ಬದ ವಿಡಿಯೋಗಳು, ಯಾರದೋ ಮನೆಯ ಗೃಹಪ್ರವೇಶ. ಅಳಿಸಿದಷ್ಟೂ ಜಾಗ ತೆರೆಯುತ್ತಾ ಹೋಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಗುಡಿಸಲು ಹಿಡಿದವನಿಗೆ ಮೂಲೆಯೂ ಕಾಣುತ್ತದಲ್ಲ, ನಾನು ಫೈಲುಗಳ ಒಳಕೋಣೆಗೆ ಹೋದೆ. ಅಲ್ಲಿ ನಾನೂರಕ್ಕೂ ಮೇಲೆ ಧ್ವನಿಯ ಫೈಲುಗಳು. ಹೆಸರಿಲ್ಲ, ಬರೀ ನಂಬರು. ಎಲ್ಲವೂ ಎರಡು ಸೆಕೆಂಡು, ಮೂರು ಸೆಕೆಂಡು. ಬ್ಯಾಗಿನಲ್ಲಿ ಬೆರಳು ತಾಗಿ ತಾನೇ ರೆಕಾರ್ಡ್ ಆದದ್ದು ಎಂದುಕೊಂಡೆ. ಹಾಗೆಂದು ಕುರುಡಾಗಿ ಅಳಿಸುವ ಪೈಕಿಯಲ್ಲ ನಾನು, ಮೂರನ್ನು ಹಾಕಿ ಕೇಳಿದೆ. ಏನೂ ಇರಲಿಲ್ಲ. ಎಲ್ಲವನ್ನೂ ಆಯ್ಕೆ ಮಾಡಿದೆ, ಒತ್ತಿದೆ. ದೋಸೆ ಬಂತು. ಫೋನು ಈಗ ಹೊಸದರ ಹಾಗೆ ಓಡುತ್ತೆ ನೋಡು ಎಂದು ಹೇಳಿ ತಟ್ಟೆಯಲ್ಲಿ ಇಟ್ಟೆ.

ಮರುದಿನ ಶಾಲೆಯಲ್ಲಿರುವಾಗ ಅವಳ ಫೋನು ಬಂತು. ದಿನಾ ಮಧ್ಯಾಹ್ನ ಊಟ ಆದ ಮೇಲೆ ಚಿಕ್ಕಪ್ಪನದ್ದು ಒಂದೆರಡು ಕೇಳುತ್ತೇನೆ, ಇವತ್ತು ಒತ್ತಿದರೆ ಏನೋ ಬರಹ ಬರುತ್ತಿದೆ ಎಂದಳು. ಓದು ಎಂದೆ. ನಾನೇ ಹಾಕಿಕೊಟ್ಟ ಕನ್ನಡವನ್ನು ಅವಳು ಒಂದೊಂದೇ ಪದ ಬಿಡಿಸಿ ಓದಿದಳು. ಈ ಧ್ವನಿ ಸಂದೇಶ ಲಭ್ಯವಿಲ್ಲ, ಮತ್ತೊಮ್ಮೆ ಕಳುಹಿಸುವಂತೆ ಕಳುಹಿಸಿದವರನ್ನು ಕೇಳಿ.

"ಯಾರನ್ನ ಕೇಳ್ಲಿ ನಾನು?" ಎಂದಳು.

ಸ್ಟಾಫ್ ರೂಮಿನಲ್ಲಿ ಕೂತಲ್ಲೇ ಆ ನಾನೂರು ಫೈಲುಗಳು ಏನೆಂದು ನನಗೆ ಹೊಳೆಯಿತು. ಆಗ ನನ್ನ ಬಾಯಿಯಿಂದ ಬಂದ ಮಾತು ಇದು: ಅಪ್‌ಡೇಟ್ ಆಗಿರಬೇಕು ಚಿಕ್ಕಮ್ಮ, ಅಪ್‌ಡೇಟ್ ಆದಾಗ ಕೆಲವು ಸಲ ಹೀಗೆ ಹೋಗಿಬಿಡುತ್ತವೆ. ಅವಳು ನಂಬಿದಳು. ಫೋನಿನ ವಿಷಯದಲ್ಲಿ ನನ್ನ ಮಾತಿಗೆ ಎದುರು ಹೇಳುವವರು ನಮ್ಮ ನೆಂಟರಲ್ಲಿ ಯಾರೂ ಇಲ್ಲ.

ಆ ಸಂಜೆಯೇ ಜಡೆಗೆ ಹೋಗಿ ಫೋನು ತಂದು, ಶಿಕಾರಿಪುರದಲ್ಲಿ ಮೊಬೈಲ್ ರಿಪೇರಿ ಮಾಡುವ ನಜೀರ್ ಭಾಯ್ ಮುಂದೆ ಇಟ್ಟೆ. ಅವನು ನನ್ನ ಇಪ್ಪತ್ತು ವರ್ಷದ ಸ್ನೇಹಿತ, ಅವನಿಗೆ ಸುಳ್ಳು ಹೇಳಲಿಲ್ಲ. ಎರಡು ದಿನ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹಾಕಿ ನೋಡಿ, ಕೊನೆಗೆ ಕಣ್ಣಿಗೆ ಹಾಕುವ ದುರ್ಬೀನು ತೆಗೆದಿಟ್ಟ. "ಆಗಂಗಿಲ್ರೀ ಮೇಷ್ಟ್ರೇ. ಬೆಳಗಿನ ಬ್ಯಾಕಪ್ಪು ಹಳೇದರ ಮೇಲೆ ಕುಂತೈತಿ. ದಿನಾ ಆಗಂಗೆ ನೀವೇ ಇಟ್ಟಿದ್ರಂತಲ್ರೀ," ಎಂದ. ನನ್ನ ಫೋನಿನಲ್ಲಾದರೂ ಅವರದ್ದು ಒಂದು ಇರಬೇಕಲ್ಲ ಎಂದು ಕೇಳಿದ. ಆ ಪರೀಕ್ಷೆಯ ಮೆಸೇಜು ಬಂದ ಫೋನು ಎಕ್ಸ್‌ಚೇಂಜಿನಲ್ಲಿ ಹೋಗಿ, ಅದರ ನಂತರದ್ದೂ ಹೋಗಿತ್ತು. ಹೊಸದಕ್ಕೆ ಸಾಗಿಸುವಾಗ ಬೇಗ ಮುಗಿಯಲಿ ಎಂದು ಧ್ವನಿ ಬೇಡ ಎಂದು ನಾನೇ ಗುರುತು ಹಾಕಿದ್ದೆ. ಅಳಿಸಿದ್ದರಿಂದ ಎಷ್ಟು ಜಾಗ ಸಿಕ್ಕಿತ್ತು ಎಂದು ನಜೀರ್ ಲೆಕ್ಕ ಹಾಕಿ ನೋಡಿದ. ನಾನೂರು ಫೈಲೂ ಸೇರಿ ಒಂದು ಗುಲಾಬಿಯ ವಿಡಿಯೋದಷ್ಟೂ ಇರಲಿಲ್ಲ.

ಫೋನನ್ನು ವಾಪಸ್ಸು ಕೊಟ್ಟೆ, ಆಗಲಿಲ್ಲ ಎಂದೆ. ಸುಳ್ಳನ್ನು ಮಾತ್ರ ಹಾಗೆಯೇ ಬಿಟ್ಟೆ. ಅದು ಅಲ್ಲಿಯೇ ಬಿದ್ದಿರುತ್ತದೆ ಎಂದು ನನ್ನ ಎಣಿಕೆ.

ಸುಮಾರು ಒಂದು ವರ್ಷದ ಮೇಲೆ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ ನನ್ನ ಫೋನಿಗೆ ಅಪ್‌ಡೇಟ್ ಹಾಕುತ್ತಿದ್ದೆ. ಪಕ್ಕದಲ್ಲಿ ತರಕಾರಿ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬರು ಪರದೆಯ ಮೇಲೆ ಓಡುತ್ತಿದ್ದ ಗೆರೆಯನ್ನು ನೋಡಿ, ಅದನ್ನ ನಿಲ್ಲಿಸಿ ಎಂದರು. ಜಡೆಯಲ್ಲಿ ಗಿರಣಿಯವರ ಮನೆಯ ಅಮ್ಮನಿಗೆ ಏನಾಯಿತು ಎಂದು ನನಗೇ ವಿವರವಾಗಿ ಹೇಳಿದರು. ತೀರಿಹೋದ ಗಂಡನ ಉಸಿರನ್ನೇ ಅಪ್‌ಡೇಟು ತಿಂದುಹಾಕಿತಂತೆ. ಅವರ ನೆಂಟರಲ್ಲಿ ಬಹಳ ತಿಳಿದ ಮೇಷ್ಟ್ರೊಬ್ಬರು ಇದ್ದಾರಂತೆ, ಅವರೇ ಹೇಳಿದ್ದಂತೆ. ನಾನು ತಲೆಯಾಡಿಸಿ ಅಪ್‌ಡೇಟ್ ನಿಲ್ಲಿಸಿದೆ. ಅವರಿಗೆ ಸಮಾಧಾನವಾಯಿತು.

ನಿಜಕ್ಕೂ ನಾಚಿಕೆಯಾದದ್ದು ಅದಾದ ವಾರದಲ್ಲಿ ಗೀತಾ ಫೋನ್ ಮಾಡಿದಾಗ. ಅಮ್ಮ ಒಂದು ವರ್ಷದಿಂದ ಯಾವ ಅಪ್‌ಡೇಟನ್ನೂ ಮುಟ್ಟಲು ಬಿಟ್ಟಿಲ್ಲ, ಈಗ ಹಸಿರು ಆ್ಯಪು ಹಳೆಯದಾಗಿದೆ ಎಂದು ತೆರೆಯುವುದೇ ಇಲ್ಲ ಎಂದಳು. ಭಜನೆಯವರ ಗುಂಪಿನಲ್ಲಿ ಬಂದ ಸುದ್ದಿ ಕಾಣದೆ, ಬಾಲ್ಯದ ಗೆಳತಿ ತೀರಿಕೊಂಡದ್ದು ಚಿಕ್ಕಮ್ಮನಿಗೆ ನಾಲ್ಕು ದಿನ ತಡವಾಗಿ ತಿಳಿದಿತ್ತು. ಮುಖ ನೋಡಲು ಆಗಲಿಲ್ಲ. ಆದರೂ ಬೇಡವಂತೆ. ಒತ್ತಿದರೆ ಕೇಳದಿದ್ದರೂ ಚಿಕ್ಕಪ್ಪನ ಆ ಖಾಲಿ ಗುರುತುಗಳಾದರೂ ಸಾಲಾಗಿ ಇವೆ, ಅಪ್‌ಡೇಟು ಅವನ್ನೂ ತೆಗೆದುಕೊಂಡು ಹೋದರೆ ಎಂದು ಅವಳ ಭಯ. "ಅಣ್ಣಾ, ನೀನು ಹೇಳಿದ್ರೆ ಮಾತ್ರ ಕೇಳ್ತಾಳೆ," ಎಂದಳು ಗೀತಾ.

ಮಾರನೆಯ ದಿನ ರಜೆ ಹಾಕಿ ಹೋದೆ. ಕಾಫಿ ಬಂತು, ಫೋನೂ ಬಂತು. ನಾನು ಎರಡನ್ನೂ ಮುಟ್ಟಲಿಲ್ಲ. ಚಿಕ್ಕಮ್ಮ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಚಿಕ್ಕಪ್ಪನ ಕುರ್ಚಿಯ ಮೇಲೆ ಯಾರೋ ತಂದ ಅಕ್ಕಿಯ ಚೀಲ ಇತ್ತು. ಅಪ್‌ಡೇಟಿನಿಂದ ಹೋದದ್ದಲ್ಲ, ಆ ಭಾನುವಾರ ನಾನೇ ಅಳಿಸಿದೆ, ಖಾಲಿ ಫೈಲುಗಳು ಎಂದುಕೊಂಡೆ, ಆಮೇಲೆ ಹೆದರಿ ಸುಳ್ಳು ಹೇಳಿದೆ ಎಂದೆ. ತೊಟ್ಟಿಗೆ ಬಿದ್ದ ವಾಚಿನ ಕಥೆಯನ್ನೂ ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆ. ಹೇಳಲಿಲ್ಲ.

ಅವಳ ಕೈ ನಿಂತಿತು. ಹೊರಗೆ ಗಿರಣಿ ಓಡುತ್ತಿತ್ತು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಅಳಿಸುವ ಮುಂಚೆ ಹಾಕಿ ಕೇಳಿದೆಯಾ ಎಂದಳು. ಮೂರನ್ನು ಕೇಳಿದೆ ಎಂದೆ. ಅವಳು ಸೆರಗಿನಲ್ಲಿದ್ದ ಕಾಯಿಗಳನ್ನು ಮೊರಕ್ಕೆ ಸುರಿದು ಸ್ವಲ್ಪ ಮುಂದೆ ಬಂದು ಕೂತಳು.

"ಹಂಗಾರೆ ಅವರದ್ದು ಕಡೆಗೆ ಕೇಳಿದವನು ನೀನೇ. ಹೆಂಗಿತ್ತು ಹೇಳು. ಉಂಗುರ ತಾಗಿದ್ದಾ, ಕೆಮ್ಮಿದ್ದಾ? ನಿಧಾನಕ್ಕೆ ನೆನಪು ಮಾಡ್ಕೊಂಡು ಹೇಳು, ನಂಗೆ ಯಾವುದು ಅಂತ ಗೊತ್ತಾಗುತ್ತೆ."

ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಕಟ್ ಎಂದದ್ದು, ಸುಯ್ ಎಂದದ್ದು. ಅಷ್ಟೇ. ಅದು ಉಂಗುರವೋ, ಕೆಮ್ಮೋ, ಉಸಿರೋ ಎಂದು ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಏನಾದರೊಂದು ಹೇಳಿಬಿಡಬಹುದಿತ್ತು, ಅವಳು ನಂಬುತ್ತಿದ್ದಳು. ಆದರೆ ಇನ್ನೊಂದು ಸುಳ್ಳಿಗೆ ನಾಲಿಗೆ ಏಳಲಿಲ್ಲ.

"ನಾನು ಅದನ್ನ ಎರಡು ಪಟ್ಟು ವೇಗದಲ್ಲಿ ಕೇಳಿದೆ ಚಿಕ್ಕಮ್ಮ," ಎಂದೆ.

ಅದೇನೆಂದು ಅವಳಿಗೆ ಅರ್ಥವಾಗಲಿಲ್ಲ. ವಿವರಿಸಬೇಕಾಯಿತು. ಮೂರು ಸೆಕೆಂಡಿನದ್ದನ್ನು ಒಂದೂವರೆ ಸೆಕೆಂಡಿನಲ್ಲಿ ಮುಗಿಸಬಹುದು, ಅಂಥದ್ದೊಂದು ಗುರುತು ಇದೆ ಎಂದು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮೂರು ಸೆಕೆಂಡು ಕೂತು ಕೇಳಲು ಆಗದಷ್ಟು ನಿನಗೆ ಏನು ಕೆಲಸ ಇತ್ತು ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ.

ತಟ್ಟೆಯಿಂದ ಫೋನನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು. ಹಾಗಾದರೆ ಅಪ್‌ಡೇಟಿನಿಂದ ಆ ಗುರುತುಗಳು ಹೋಗುವುದಿಲ್ಲವಲ್ಲ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಹೋಗುವುದಿಲ್ಲ, ಕೊಡು, ಒಂದೇ ನಿಮಿಷ ಎಂದು ನಾನು ಅಭ್ಯಾಸದಂತೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ಎಲ್ಲಿ ಒತ್ತಬೇಕು ಹೇಳು," ಎಂದಳು. "ನಾನೇ ಒತ್ತೀನಿ."

ನಾನು ದೂರದಿಂದಲೇ ಹೇಳುತ್ತಾ ಹೋದೆ, ಅವಳು ಒಂದೊಂದನ್ನೂ ಓದಿ, ಯೋಚಿಸಿ ಒತ್ತಿದಳು. ಒಂದು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆ್ಯಪು ತೆರೆಯಿತು. ಚಿಕ್ಕಪ್ಪನ ಪುಟಕ್ಕೆ ಹೋಗಿ, ಬೆರಳಿನಲ್ಲಿ ಮೇಲಕ್ಕೆ ಸರಿಸುತ್ತಾ ಸರಿಸುತ್ತಾ ಎಲ್ಲ ಗುರುತುಗಳೂ ಇವೆಯೇ ಎಂದು ನೋಡಿದಳು. ಇದ್ದವು. ಯಾವುದನ್ನೂ ಒತ್ತಲಿಲ್ಲ.

ಆಮೇಲೆ ಎರಡು ಸಲ ಜಡೆಗೆ ಹೋಗಿದ್ದೇನೆ. ಚಿಕ್ಕಮ್ಮ ಮೊದಲಿನ ಹಾಗೆಯೇ ಮಾತಾಡಿಸುತ್ತಾಳೆ, ಸುಮಾಳನ್ನು ಏಕೆ ಕರೆತರಲಿಲ್ಲ ಎಂದು ಕೇಳುತ್ತಾಳೆ, ದೋಸೆ ಹುಯ್ಯುತ್ತಾಳೆ. ಅದೇ ಸ್ಟೀಲಿನ ತಟ್ಟೆ ಬರುತ್ತದೆ. ತಟ್ಟೆಯಲ್ಲಿ ಕಾಫಿ ಲೋಟ ಒಂದೇ ಇರುತ್ತದೆ.